ಲಿಂಬೆಯ ಕೋಣೆಯ ಬಾಗಿಲು

ಮನುಷ್ಯನ ನಾಗರಿಕತೆಯೆಂಬುದು ಕೊಳೆಯುವುದರ ವಿರುದ್ಧ ಅವನು ನಡೆಸಿಕೊಂಡು ಬಂದ ಸುದೀರ್ಘ ಸಮರವೇ ಆಗಿದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಶಿಲೀಂಧ್ರಗಳ ಪಾಠವನ್ನು ನಾನು ಪ್ರತಿ ವರ್ಷ ಈ ವಾಕ್ಯದಿಂದಲೇ ಆರಂಭಿಸುತ್ತಿದ್ದೆ. ಅಷ್ಟೂ ವರ್ಷ ನಮ್ಮ ಮನೆಯ ಉಪ್ಪಿನಕಾಯಿ ಭರಣಿಗೆ ಬೂಷ್ಟು ಬರುತ್ತಿತ್ತು. ಆ ಸಮರದಲ್ಲಿ ನನ್ನ ಪಾತ್ರವೆಂದರೆ ಮೇಲಿನ ಪದರವನ್ನು ಚಮಚೆಯಿಂದ ತೆಗೆದು ಬಚ್ಚಲಿಗೆ ಎಸೆದು, ಕೆಳಗಿನದನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದಾಗಿತ್ತು.

ನಿವೃತ್ತಿಯಾದ ಮೇಲೆ ಇಂಡಿಗೆ ಬಂದು ಕೂತೆ. ಊರ ಹೊರಗೆ ನನ್ನ ತಂಗಿಯ ಲಿಂಬೆ ತೋಟವಿದೆ. ಅವಳ ಗಂಡನಿಗೆ ಬೇರೆ ತಾಲೂಕಿನಲ್ಲಿ ಶಾಲೆಯ ನೌಕರಿ. ಬೇಸಾಯದ ಯಜಮಾನಿಕೆ ಮೊದಲಿನಿಂದಲೂ ಅವಳದೇ. ಅವಳ ಮಗಳ ಮದುವೆ ಹಿಂದಿನ ವರ್ಷವಷ್ಟೇ ಹೂವಿನ ಹಿಪ್ಪರಗಿಯ ಒಂದು ದೊಡ್ಡ ಮನೆತನಕ್ಕೆ ಆಗಿತ್ತು. ನನಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ದಿನಾ ಸಂಜೆ ಹೋಗಿ ಚಹಾ ಕುಡಿದು, ಗಿಡಗಳ ರೋಗಗಳ ಬಗ್ಗೆ ಯಾರೂ ಕೇಳದ ಅಭಿಪ್ರಾಯ ಹೇಳಿ ಬರುವುದು ನನ್ನ ಹುದ್ದೆಯಾಗಿತ್ತು.

ಇಂಡಿಯ ಲಿಂಬೆಯನ್ನು ನಾನು ಹೊಗಳಬೇಕಾಗಿಲ್ಲ, ಆ ಕೆಲಸಕ್ಕೆ ಇಡೀ ತಾಲೂಕು ಇದೆ. ತೆಳು ಸಿಪ್ಪೆ, ತುಂಬು ರಸ. ಆ ತೆಳು ಸಿಪ್ಪೆಯೇ ಅದರ ಗ್ರಹಚಾರ. ಕೀಳುವಾಗ ಮುಳ್ಳು ಗೀರಿದರೆ ಸಾಕು, ಯಾರದೋ ಉಗುರು ತಾಗಿದರೆ ಸಾಕು. ಅಲ್ಲಿ ಮೊದಲು ಮೆತ್ತಗಿನ ಒಂದು ಚುಕ್ಕೆ, ಆಮೇಲೆ ಬಿಳಿ ಉಂಗುರ, ಉಂಗುರದ ನಡುವೆ ಹಸಿರು ಪುಡಿ. ಆ ಪುಡಿಯ ಹೆಸರು ನನಗೆ ಲ್ಯಾಟಿನ್ನಿನಲ್ಲಿ ಗೊತ್ತು. ಅದರಿಂದ ಪುಡಿಗೇನೂ ತೊಂದರೆಯಾಗಿಲ್ಲ. ಒಂದು ಹಣ್ಣು ಕೆಟ್ಟರೆ ಗೋಣಿಚೀಲದಲ್ಲಿ ಅದರ ಸುತ್ತಲಿನವೂ ಕೆಡುತ್ತವೆ. ಇದಕ್ಕೆ ಎಲ್ಲರೂ ಮಾಡುವ ಉಪಾಯವೆಂದರೆ ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ ತೆಗೆಯುವುದು. ಹಣ್ಣು ತಡೆಯುತ್ತದೆ. ಸಿಪ್ಪೆಯ ಮೇಲೆ ಔಷಧವೂ ತಡೆಯುತ್ತದೆ, ಆಮೇಲೆ ಅದು ಶರಬತ್ತಿಗೆ ಬರುತ್ತದೆ.

ಕೆಲಸವಿಲ್ಲದ ಮಾಸ್ತರನಿಗೆ ಇಷ್ಟು ಸಾಕಾಯಿತು. ನನ್ನ ಜೊತೆ ಎಲ್ಲ ವರ್ಗಾವಣೆಗಳಿಗೂ ಅಲೆದಿದ್ದ ತಗಡಿನ ಟ್ರಂಕನ್ನು ಖಾಲಿ ಮಾಡಿ ಅದರಲ್ಲಿ ಲಿಂಬೆ ತುಂಬಿದೆ. ಅಜವಾನದ (ಅಂದರೆ ಓಮದ) ಎಣ್ಣೆ, ಸ್ವಲ್ಪ ಲವಂಗದ ಎಣ್ಣೆ ಬಟ್ಟೆಯ ಚೂರಿಗೆ ಹಾಕಿ, ಹಣ್ಣಿಗೆ ತಾಗದಂತೆ ಮುಚ್ಚಳಕ್ಕೆ ಕಟ್ಟಿದೆ. ಟ್ರಂಕು ಮುಚ್ಚಿ ಮಂಚದ ಕೆಳಗೆ ನೂಕಿದೆ. ಬುಟ್ಟಿಯಲ್ಲಿ ಹಾಗೇ ಇಟ್ಟ ಹಣ್ಣು ಹಸಿರು ಪುಡಿಯಾಗಿ ತಿಪ್ಪೆಗೆ ಹೋದ ಮೇಲೂ ಟ್ರಂಕಿನವು ಸ್ವಲ್ಪ ಬಾಡಿದ್ದವೇ ಹೊರತು ಬೂಷ್ಟು ಹಿಡಿದಿರಲಿಲ್ಲ. ಮತ್ತೊಮ್ಮೆ ಮಾಡಿದೆ, ಹಾಗೇ ಆಯಿತು. ಎಣ್ಣೆ ಜಾಸ್ತಿ ಹಾಕಿ ನೋಡಿದಾಗ ಸಿಪ್ಪೆ ಕಂದು ಕಂದಾಗಿ ಸುಟ್ಟಂತಾಯಿತು. ತಿಳಿಯಬೇಕಾದದ್ದು ಇಷ್ಟೇ: ಕೆಲಸ ಮಾಡುವುದು ಎಣ್ಣೆಯ ಆವಿ, ಎಣ್ಣೆ ಕಡಿಮೆ ಇರಬೇಕು, ಆವಿ ಹೊರಗೆ ಹೋಗಬಾರದು. ಮೊದಲಿನ ಎರಡು ವಿಜ್ಞಾನ. ಮೂರನೆಯದು ಬಾಗಿಲು. ವಿಜ್ಞಾನದಿಂದ ಯಾವ ಕಷ್ಟವೂ ಆಗಲಿಲ್ಲ.

ತಂಗಿ ಟ್ರಂಕಿನ ಹಣ್ಣನ್ನು ಮೂಸಿ, ಕೊಯ್ದು, ನಾಲಿಗೆಗೆ ಹಚ್ಚಿ ನೋಡಿದಳು. ಇಷ್ಟು ವರ್ಷ ಪಗಾರ ತಗೊಂಡು ಮಾಡದಿದ್ದ ಕೆಲಸವನ್ನು ಈಗ ಪುಕ್ಕಟೆ ಮಾಡಿದ್ದೀಯಲ್ಲ ಎಂದಳು. ನಮ್ಮ ಮನೆತನದಲ್ಲಿ ಇದಕ್ಕೆ ಹೊಗಳಿಕೆ ಎನ್ನುತ್ತಾರೆ.

ಅವಳು ನನ್ನಂತೆ ಟ್ರಂಕಿಗೆ ನಿಲ್ಲುವವಳಲ್ಲ. ಪುಣೆಯ ಒಬ್ಬ ಖರೀದಿದಾರನನ್ನು ಫೋನಿನಲ್ಲೇ ಹುಡುಕಿದಳು. ಔಷಧದಲ್ಲಿ ಅದ್ದದ ಲಿಂಬೆ ಅವನಿಗೆ ಬೇಕಿತ್ತು. ಒಂದು ಗಾಡಿ ಹಣ್ಣು ಕಳಿಸಿ, ನನ್ನ ಗೋದಾಮಿನಲ್ಲಿ ಒಂದು ವಾರ ಕೆಡದೆ ನಿಂತರೆ ಹಂಗಾಮು ಮುಗಿಯುವತನಕ ನಿಮ್ಮೂರ ಹಣ್ಣೆಲ್ಲ ನಾನೇ ತಗೋತೇನೆ ಎಂದ. ಒಂದು ಗಾಡಿಯಷ್ಟು ಹಣ್ಣು ಅವಳ ತೋಟವೊಂದರಲ್ಲೇ ಸಿಗುವುದಿಲ್ಲ. ಸುತ್ತಲಿನ ತೋಟದವರ ಮನೆಮನೆಗೂ ಹೋಗಿ, ಈ ಸಲದ ಹಣ್ಣನ್ನು ಅದ್ದದೆ ನನಗೆ ಕೊಡಿರಿ, ಕೆಟ್ಟರೆ ನನ್ನ ಮುಖದ ಮೇಲೆ ಎಸೆಯಿರಿ ಎಂದು ಮಾತು ಕೊಟ್ಟು ಬಂದಳು. ಇಪ್ಪತ್ತು ವರ್ಷ ಅವಳ ಮಾತನ್ನು ಯಾರೂ ತಳ್ಳಿಹಾಕಿರಲಿಲ್ಲ. ಆ ಗಾಡಿಯಲ್ಲಿ ಹೋಗಬೇಕಾಗಿದ್ದದ್ದು ಲಿಂಬೆ ಮಾತ್ರ ಆಗಿರಲಿಲ್ಲ.

ಅವಳ ಹಣ್ಣನ್ನು ಮೊದಲಿನಿಂದ ಮಾರಿಕೊಡುತ್ತಿದ್ದ ದಲಾಲರು ಸುದ್ದಿ ಕೇಳಿ ತೋಟಕ್ಕೆ ಬಂದರು. ಅವರ ತಂದೆಗೂ ನಮ್ಮ ತಂದೆಗೂ ಬಜಾರಿನಲ್ಲಿ ದೋಸ್ತಿ. ಈದ್ ಹಬ್ಬದ ಶೀರಖುರಮಾ ನಮ್ಮ ಮನೆಗೆ, ನಮ್ಮ ಹೋಳಿಗೆ ಅವರ ಮನೆಗೆ ಹೋಗುತ್ತ ಬಂದಿವೆ. ವ್ಯಾಪಾರ ಕೈ ತಪ್ಪುತ್ತದೆಂದು ಗೊತ್ತಿದ್ದೂ ಸಿಟ್ಟಾಗಲಿಲ್ಲ. ಅಜವಾನದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಕ್ಕಾರ, ಲಿಂಬಿಗೆ ಅತ್ತರ ಹಚ್ಚಿ ನಿಕಾ ಮಾಡಸ್ತೀರೇನು?"

"ವರ ಪುಣೇದಾಂವ ಅದಾನ್ರಿ. ನೀವು ವಲೀಮಾದ ಊಟಕ್ಕ ಬರ್ರಿ," ಎಂದಳು ತಂಗಿ.

ನಕ್ಕು ಹೋದವರು ಮರುದಿನ ತಮ್ಮ ಪ್ಲಾಸ್ಟಿಕ್ ಕ್ರೇಟುಗಳನ್ನು ಕಳಿಸಿಕೊಟ್ಟರು. ಗೋಣಿಚೀಲದಲ್ಲಿ ಹಣ್ಣು ಒಂದಕ್ಕೊಂದು ಒತ್ತಿ ಗಾಯವಾಗುತ್ತದೆ ಎಂದು ನಾನು ಹೇಳಿದ್ದನ್ನು ಆ ಇಡೀ ಊರಿನಲ್ಲಿ ನೆನಪಿಟ್ಟವರು ಅವರೊಬ್ಬರೇ.

ತೋಟದಲ್ಲಿ ಮೊದಲು ಹೊಟ್ಟು ತುಂಬುತ್ತಿದ್ದ ಕಲ್ಲಿನ ಕೋಣೆಯಿತ್ತು. ಅದನ್ನು ನಾನು ಖುದ್ದು ತಯಾರು ಮಾಡಿದೆ. ಬೆಳಕಿಂಡಿ ಮುಚ್ಚಿಸಿದೆ, ಗೋಡೆಯ ಸಂದಿಗೆ ಸಿಮೆಂಟು ಮೆತ್ತಿಸಿದೆ, ಬಾಗಿಲ ಚೌಕಟ್ಟಿಗೆ ಹಳೆಯ ಸೈಕಲ್ ಟ್ಯೂಬು ಸೀಳಿ ಸುತ್ತಲೂ ಬಡಿದೆ. ಬಾಗಿಲು ಹಾಕಿದರೆ ಒಳಗಿನ ಗಾಳಿ ಹೊರಗೆ ಬರಲು ಅರ್ಜಿ ಕೊಡಬೇಕು, ಹಾಗಿತ್ತು. ಕ್ರೇಟುಗಳನ್ನು ಒಟ್ಟಿ, ಎಣ್ಣೆಯ ಬಟ್ಟೆಗಳನ್ನು ತೂಗುಹಾಕಿ, ಬಾಗಿಲು ಎಳೆದುಕೊಂಡೆ. ಗಾಡಿ ಬರುವತನಕ, ಅಂದರೆ ಮುಂದಿನ ಸಂತೆಯತನಕ, ಅದನ್ನು ತೆರೆಯಬಾರದು. ಅಷ್ಟೇ. ತೆರೆಯಬಾರದು. ಮನುಷ್ಯಮಾತ್ರರಿಂದ ಸಾಧ್ಯವಿರುವ ಕೆಲಸಗಳಲ್ಲಿ ಇದಕ್ಕಿಂತ ಸುಲಭದ್ದು ನನಗೆ ಇವತ್ತಿಗೂ ಹೊಳೆದಿಲ್ಲ. ಕೀಲಿ ಜಡಿಯೋಣ ಎಂದೆ. ಮಂದಿಯ ಹಣ್ಣು ಒಳಗಿಟ್ಟು ಕೀಲಿ ಹಾಕಿದರೆ ಏನಂದಾರು ಎಂದು ತಂಗಿ ಬೇಡವೆಂದಳು.

ಮೊದಲು ಬಂದವರು ಹಣ್ಣು ಕೊಟ್ಟ ನೆರೆಯವರು. ತಮ್ಮ ಹಣ್ಣು ಹೇಗಿದೆ ನೋಡಬೇಕಂತೆ. ನ್ಯಾಯವೇ. ಬಾಗಿಲು ತೆರೆಯಿತು. ಅವರು ಒಳಗೆ ಹೋಗಿ, ಉಸಿರೆಳೆದುಕೊಂಡು, ಭಲೇ ವಾಸನೆ ಎಂದು ತಲೆಯಾಡಿಸಿ, ಹಣ್ಣು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದರು. ನಮ್ಮಲ್ಲಿ ಲಿಂಬೆ ಕಂಡರೆ ಹೆಬ್ಬೆರಳು ತಾನಾಗಿಯೇ ಏಳುತ್ತದೆ. ಒತ್ತದೆ ನೋಡಿದರೆ ನೋಡಿದಂತಲ್ಲ. ಅವರು ಹೋದ ಮೇಲೆ ನಾನು ಒತ್ತಿದ ಹಣ್ಣನ್ನು ಆರಿಸಿ ತೆಗೆದು, ಬಾಗಿಲು ಹಾಕಿದೆ. ಅವರು ತಮ್ಮ ಅಣ್ಣತಮ್ಮಂದಿರನ್ನು ಕಳಿಸಿದರು.

ಸುದ್ದಿ ಹಬ್ಬಿತು. ಕಾಲುವೆ ನೀರು ಬಂದ ಮೇಲೆ ಲಿಂಬೆ ಗಿಡ ಹಚ್ಚಿದ್ದ ಮುಳವಾಡದ ಒಬ್ಬರು ಮೋಟಾರ್ ಸೈಕಲ್ ಹತ್ತಿ ಬಂದರು. ಮುದ್ದೇಬಿಹಾಳದಿಂದ ಒಂದು ಜೀಪಿನ ತುಂಬ ರೈತರು ಬಂದರು. ಸಿಂದಗಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಶಿಲೀಂಧ್ರಗಳ ಪಾಠದಲ್ಲಿ ಯಾವಾಗಲೂ ನಿದ್ದೆ ಮಾಡುತ್ತಿದ್ದವನು, ಒಳಗೆ ನಿಂತು ಫೋನಿನಲ್ಲಿ ವಿಡಿಯೊ ಮಾಡಿ, ಬೆಳಕು ಸಾಲದೆಂದು ಬಾಗಿಲನ್ನು ಪೂರ್ತಿ ತೆರೆಸಿದ. ಬಾಗಿಲು ತೆರೆಯಬಾರದು ಎಂದು ನಾನು ಹಲಗೆಯ ಮೇಲೆ ಬರೆದು ಹಾಕಿದೆ. ಬಂದವರು ಅದನ್ನು ದೊಡ್ಡ ದನಿಯಲ್ಲಿ ಓದಿ, ಅಕ್ಷರ ಚೆನ್ನಾಗಿದೆ ಎಂದು ಹೊಗಳಿ, ಬಾಗಿಲು ತೆರೆದರು.

ನಾನು ಕೂಗಾಡಿದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಕೂಗಾಡಿದ್ದು ನಿಜ. ಒಬ್ಬೊಬ್ಬರಿಗೂ ವಿವರಿಸಿದೆ: ಆವಿ ಹೋಗುತ್ತದೆ, ಆವಿ ಹೋದರೆ ಬೂಷ್ಟು ಬರುತ್ತದೆ. ಅವರು ಬಹಳ ಗಮನವಿಟ್ಟು ಕೇಳಿದರು, ತೆರೆದ ಬಾಗಿಲಿನಲ್ಲಿ ನಿಂತು ಕೇಳಿದರು. ಒಬ್ಬ ಹಿರಿಯರು, ಹೌದ್ರಿ ಸರ, ಬಾಗಲಾ ತಗದ್ರ ಎಲ್ಲಾ ಹಾಳು, ಎಂದು ಬಾಗಿಲಿಗೆ ಒರಗಿಕೊಂಡೇ ಮಿಕ್ಕವರಿಗೆ ತಿಳಿಹೇಳಿದರು. ಹೊರಡುವವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಪ್ರತಿಯೊಬ್ಬರ ಕೈಗೂ ಒಳಗಿನ ನಾಲ್ಕು ಲಿಂಬೆ ಕೊಡಲು ಬಾಗಿಲು ಇನ್ನೊಮ್ಮೆ ತೆರೆಯುತ್ತಿತ್ತು.

ತಂಗಿಗೆ ಇದು ತಿಳಿಯದೆ ಇರಲಿಲ್ಲ. ಒಂದು ಸಂಜೆ ಅವಳ ಮುಂದೆ ಕೂತು ಸಮಾಧಾನದಿಂದಲೇ ಹೇಳಿದೆ, ಬರುವವರಿಗೆ ಚಹಾ ಕೊಡು, ಊಟ ಹಾಕು, ಬೇಕಾದರೆ ನನ್ನ ಟ್ರಂಕನ್ನು ಬಿಚ್ಚಿ ತೋರಿಸು, ಆ ಕೋಣೆಯೊಂದನ್ನು ಬಿಡು.

"ಅಣ್ಣಾ, ಮಂದಿ ನನ್ನ ಮಾತು ನಂಬಿ ಹಣ್ಣು ಕೊಟ್ಟಾರ. ಬಾಗಲಾ ಹಾಕ್ಕೊಂಡು ಕುಂತ್ರ ಒಳಗ ಏನೋ ಕೆಟ್ಟೈತಿ, ಮುಚ್ಚಿಡಾಕತ್ತಾಳ ಅಂತಾರ."

"ತಗದ್ರ ಖರೇನ ಕೆಡತೈತಿ."

"ಕೆಟ್ರ ಎಲ್ಲಾರ ಕಣ್ಣ ಮುಂದ ಕೆಡಲಿ."

ನಾನು ಎದ್ದು ಹೋದೆ. ಬಟ್ಟೆಗಳಿಗೆ ಮತ್ತೆ ಸ್ವಲ್ಪ ಎಣ್ಣೆ ಹಾಕಿದೆ. ಇನ್ನೂ ಹಾಕುವಂತಿರಲಿಲ್ಲ, ಸಿಪ್ಪೆ ಸುಡುತ್ತಿತ್ತು. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಒಂದೆರಡು ದಿನ ಯಾರೂ ಒಳಗೆ ಹೋಗಲಿಲ್ಲ. ನನ್ನ ಮುಖ ನೋಡಿದವರು ತೋಟದ ಬಾವಿ ನೋಡಿಕೊಂಡು ಹಿಂದಿರುಗುತ್ತಿದ್ದರು. ಹಣ್ಣು ಚೆನ್ನಾಗಿಯೇ ಇದ್ದವು. ಇನ್ನು ಗೆದ್ದೆವು ಎಂದುಕೊಂಡೆ.

ಗಾಡಿ ಬರುವ ಹಿಂದಿನ ದಿನ ಊಟ ಮುಗಿಸಿ ಬರುವಷ್ಟರಲ್ಲಿ ತೋಟದ ಮುಂದೆ ಒಂದು ಕಾರು ನಿಂತಿತ್ತು. ಹೂವಿನ ಹಿಪ್ಪರಗಿಯ ಬೀಗರು ಬಂದಿದ್ದರು, ಅಂದರೆ ತಂಗಿಯ ಮಗಳ ಮಾವ. ಬೀಗತಿ ಬಂದಿದ್ದರು, ಬೀಗರ ತಮ್ಮ ಬಂದಿದ್ದರು, ಬೀಗರ ತಮ್ಮನ ಪರಿಚಯದವರೂ ಬಂದಿದ್ದರು. ಬೀಗರು ನಮ್ಮ ಕಡೆ ಎಂಥ ಪ್ರಾಣಿ ಎಂಬುದನ್ನು ತಿಳಿಯದವರಿಗೆ ಹೇಳುವುದು ಕಷ್ಟ. ದೇವರಿಗೆ ನೈವೇದ್ಯ ತಡವಾದರೆ ನಡೆಯುತ್ತದೆ. ಬೀಗರಿಗೆ ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಅದು ಮೊಮ್ಮಕ್ಕಳ ಕಾಲಕ್ಕೂ ನೆನಪಿರುತ್ತದೆ.

ಬೀಗರಿಗೆ ವರ್ಷವಿಡೀ ನೆಗಡಿ. ತೋಟಕ್ಕೆ ಬಂದವರೇ ಕೋಣೆಯನ್ನು ತೋರಿಸಲು ಹೇಳಿದ್ದಾರೆ. ನನ್ನ ಕುರ್ಚಿ ಖಾಲಿಯಿತ್ತು, ತಂಗಿ ತೆರೆದಿದ್ದಾಳೆ. ಒಳಗೆ ಕಾಲಿಟ್ಟದ್ದೇ ಅಜವಾನದ ಘಾಟು ತಾಗಿ ಅವರ ಮೂಗು ಬಿಚ್ಚಿದೆ. ಹೊರಗೆ ವೈಶಾಖದ ಬಿಸಿಲು, ಒಳಗೆ ಕಲ್ಲಿನ ಗೋಡೆಯ ತಂಪು. ಒಂದು ಹೊರಸು ತರಿಸಿದ್ದಾರೆ. ನಾನು ಹೋಗಿ ನೋಡಿದಾಗ ನನ್ನ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ, ತಲೆ ಒಳಗೆ ಕಾಲು ಹೊರಗೆ ಮಾಡಿ, ರುಮಾಲನ್ನು ಒಂದು ಕ್ರೇಟಿನ ಮೇಲಿಟ್ಟು, ಬೀಗರು ಮಲಗಿದ್ದರು. ಬಾಗಿಲು ಗೋಡೆಗೆ ಹೊಂದಿಕೊಂಡು ಪೂರ್ತಿ ತೆರೆದಿತ್ತು. ಗಾಳಿಗೆ ಅದು ಮುಚ್ಚಿಕೊಂಡು ಬೀಗರಿಗೆ ತಾಗಬಾರದೆಂದು ಯಾರೋ ಅದಕ್ಕೆ ಕಲ್ಲು ಆನಿಸಿದ್ದರು.

ತಂಗಿ ದೂರದಲ್ಲಿ ನಿಂತಿದ್ದಳು. ಕೈಯಲ್ಲಿ ತಂಬಿಗೆ. ಏನೂ ಮಾತಾಡಬೇಡ ಎಂದು ಕಣ್ಣಿನಲ್ಲೇ ಹೇಳಿದಳು.

ನಾನು ಮಾತಾಡಿದೆ.

"ಬೀಗರ, ಏಳ್ರಿ. ಈ ಎಣ್ಣಿ ಲಿಂಬಿಗೆ ಇಟ್ಟದ್ದು, ನಿಮ್ಮ ಮೂಗಿಗಲ್ಲ."

ಅವರು ಕಣ್ಣು ತೆರೆದು ಬಹಳ ಪ್ರೀತಿಯಿಂದ ನೋಡಿದರು. "ಎಷ್ಟ ವರ್ಷಕ್ಕ ಉಸುರು ಸರಳ ಆಡಾಕತ್ತೈತ್ರಿ ಮಾಸ್ತರ. ನೀವು ಡಾಕ್ಟರ ಆಗಬೇಕಿತ್ತು," ಎಂದು ಮಗ್ಗುಲು ಬದಲಿಸಿದರು.

ನಾನು ಹೊರಸಿನ ಕಾಲಿಗೆ ಕೈ ಹಾಕಿದೆ. ಎಳೆಯುವವನೇ ಇದ್ದೆ. ತಂಗಿ ಓಡಿ ಬಂದು ನನ್ನ ತೋಳು ಹಿಡಿದಳು. ಬೀಗರ ಕಡೆ ತಿರುಗಿ, ನಮ್ಮಣ್ಣ ಇನ್ನೂ ಮಾಸ್ತರಿಕಿ ಬಿಟ್ಟಿಲ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ, ಎಂದು ನಕ್ಕಳು. ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದ ಮೇಲೆ ನಗಲಿಲ್ಲ.

"ನನ್ನ ಮಗಳು ಆ ಮನ್ಯಾಗ ಇರಬೇಕಣ್ಣಾ. ನೀ ಇರಾಂವಲ್ಲ."

ಬೀಗರು ಇಳಿಹೊತ್ತಿನವರೆಗೆ ಮಲಗಿದರು. ಎದ್ದು ಸಿರಾ ತಿಂದರು. ಬೀಗತಿ ಉಡಿ ತುಂಬಿಸಿಕೊಂಡರು, ಅದರಲ್ಲೂ ಲಿಂಬೆ ಹೋಯಿತು. ಅವರ ಕಾರು ತಿರುವು ದಾಟಿದ ಮೇಲೆ ನಾನು ಬಾಗಿಲು ಹಾಕಿದೆ. ಸೈಕಲ್ ಟ್ಯೂಬು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೆ ಅಳು ಬರುವುದೊಂದು ಬಾಕಿ. ಎಣ್ಣೆಯ ಬಟ್ಟೆಗಳು ಒಣಗಿ ಬರೀ ಬಟ್ಟೆಗಳಾಗಿದ್ದವು.

ಮರುದಿನ ಗಾಡಿ ತುಂಬುವಾಗ ದಲಾಲರು ಬಂದು ನಿಂತರು. ಒಂದೊಂದು ಕ್ರೇಟಿನ ಮೇಲಿನ ಹಣ್ಣು ನೋಡಿದರು. ನೋಡಲು ಚೆನ್ನಾಗಿಯೇ ಇದ್ದವು, ಗಾಯವಾದ ಲಿಂಬೆ ಅದನ್ನು ಮೊದಲ ದಿನವೇ ಹೇಳುವುದಿಲ್ಲ. ಒಂದು ಹಣ್ಣನ್ನು ಕಿವಿಯ ಹತ್ತಿರ ಹಿಡಿದು, ಇದರ ಮ್ಯಾಲ ಎಷ್ಟ ಜನರ ಹೆಬ್ಬಟ್ಟು ಅದಾವ್ರಿ ಸರ, ಎಂದು ಮೆಲ್ಲಗೆ ಕೇಳಿದರು. ನಾನು ಮುಂದಿನ ಕ್ರೇಟನ್ನು ಗಾಡಿಗೆ ಎತ್ತಿಕೊಟ್ಟೆ.

ವಾರ ತುಂಬುವ ಮೊದಲೇ ಪುಣೆಯಿಂದ ಫೋಟೊ ಬಂದವು. ತಂಗಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೋಡಿದಳು. ಕ್ರೇಟಿನ ಮೇಲೆ ಕ್ರೇಟು, ಮೆತ್ತಗೆ ಕುಸಿದ ಹಣ್ಣು, ಬಿಳಿ ಉಂಗುರ, ನಡುವೆ ಹಸಿರು ಪುಡಿ. ಫೋಟೊ ಬಹಳ ಸ್ಪಷ್ಟವಾಗಿದ್ದವು, ಪಾಠಕ್ಕೆ ಬಳಸಬಹುದಾಗಿತ್ತು. ಖರೀದಿದಾರ ಸಭ್ಯ ಮನುಷ್ಯ, ಬೈಯಲಿಲ್ಲ. ನಿಮ್ಮ ಎಣ್ಣೆ ಕೆಲಸ ಮಾಡುವುದಿಲ್ಲ ತಾಯೀ, ಎಂದನಂತೆ.

ನನ್ನ ಸಿಟ್ಟು ಇಲ್ಲಿಂದ ಶುರುವಾದದ್ದು ಇನ್ನೂ ಇಳಿದಿಲ್ಲ. ಎಣ್ಣೆ ಕೆಲಸ ಮಾಡಿತ್ತು. ಬಾಗಿಲು ಮುಚ್ಚಿದ್ದಷ್ಟು ಹೊತ್ತು ಮಾಡಿತ್ತು. ಉಳಿದ ಹೊತ್ತು ನಾಲ್ಕು ತಾಲೂಕಿನ ಮೂಗುಗಳಿಗೆ ಸೇವೆ ಸಲ್ಲಿಸಿತ್ತು. ಆದರೆ ಊರಿನ ತೀರ್ಮಾನ ಆಗಿಹೋಗಿತ್ತು: ಮಾಸ್ತರರ ಅಜವಾನ ಬೋಗಸ್. ಈ ತೀರ್ಮಾನವನ್ನು ಅತ್ಯಂತ ಖಚಿತವಾಗಿ ಹೇಳಿದವರು ಆ ಬಾಗಿಲಿಗೆ ಒರಗಿ ನಿಂತಿದ್ದ ಹಿರಿಯರೇ. ನಾವು ಕಣ್ಣಾರೆ ಒಳಗೆ ಹೋಗಿ ನೋಡಿ ಬಂದವರು, ನಮಗೇ ಹೇಳ್ತೀರೇನು, ಎಂದು ನನ್ನನ್ನು ಬಜಾರಿನಲ್ಲಿ ನಿಲ್ಲಿಸಿ ಕೇಳಿದರು. ಒಳಗೆ ಹೋಗಿ ನೋಡಿದ್ದೇ ರೋಗ ಎಂದು ಅವರಿಗೆ ಯಾವ ಭಾಷೆಯಲ್ಲಿ ಹೇಳಬೇಕೋ ಆ ಭಾಷೆ ನನಗೆ ಬರುವುದಿಲ್ಲ.

ತಂಗಿ ಹಣ್ಣು ಕೊಟ್ಟ ಪ್ರತಿ ಮನೆಗೂ ಹೋದಳು. ನಾನೂ ಜೊತೆಗಿದ್ದೆ. ಎಣ್ಣೆಯ ತಪ್ಪಿಲ್ಲ, ಬಾಗಿಲು ಹಾಕದ್ದು ನನ್ನ ತಪ್ಪು, ಎಂದು ಒಂದೇ ಮಾತನ್ನು ಎಲ್ಲ ಕಡೆ ಹೇಳಿದಳು. ಯಾರೂ ಹಣ್ಣು ಅವಳ ಮುಖದ ಮೇಲೆ ಎಸೆಯಲಿಲ್ಲ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ಹೋಗಲಿ ಬಿಡ್ರಿ ಅಂದರು. ಆಮೇಲೆ ಮುಂದಿನ ಕೊಯ್ಲಿನ ಹಣ್ಣು ಅದ್ದಲು ಔಷಧದ ಪುಡಿ ತಂದಾಗಿದೆ ಎಂದು, ಅವಳನ್ನು ನೋಡದೆ, ನನ್ನನ್ನು ನೋಡಿ ಹೇಳಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಸಲಹೆ ಕೇಳದೆ ಅವರು ಏನನ್ನೋ ಕೊಂಡಿದ್ದರು. ಹಿಂದಿರುಗುವಾಗ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮನೆ ಮುಟ್ಟಿದಾಗ ಬೀಗರ ಫೋನು. ಅಂದಿನಿಂದ ಮೂಗು ಮತ್ತೆ ಕಟ್ಟಿದೆಯಂತೆ. ಆ ಎಣ್ಣೆಯ ಸೀಸೆಯೊಂದನ್ನು ಬಸ್ಸಿನಲ್ಲಿ ಕಳಿಸಬೇಕಂತೆ. ತಂಗಿ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಬಸ್‌ಸ್ಟ್ಯಾಂಡಿಗೆ ಒಯ್ಯಲು ನನ್ನ ಕೈಗೇ ಕೊಟ್ಟಳು. ನಾನು ಕಂಡಕ್ಟರರ ಕೈಗೆ ಕೊಟ್ಟು, ಮುಚ್ಚಳ ಬಿಗಿಯಾಗಿರಲಿ, ತೆರೆಯಬೇಡಿ ಎಂದೆ. ಅವರು ತೆರೆದು ಮೂಸಿ ನೋಡಿದರು.

ಟ್ರಂಕಿನಲ್ಲಿ ಗಾಡಿಯ ಹಣ್ಣಿನ ಜೊತೆಗೇ ಕಿತ್ತು ಇಟ್ಟಿದ್ದ ಕೆಲವು ಲಿಂಬೆಗಳಿದ್ದವು. ಮಂಚದ ಕೆಳಗಿನ ಟ್ರಂಕನ್ನು ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಆ ವಾರದ ಕೊನೆಗೆ ತೆರೆದೆ. ಬೂಷ್ಟು ಇರಲಿಲ್ಲ. ಒಂದನ್ನು ಒಯ್ದು ದಲಾಲರಿಗೆ ಕೊಟ್ಟೆ. ಅವರು ತಿರುಗಿಸಿ ನೋಡಿ, ಒತ್ತದೆ, ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡರು.

ಪುಣೆಯವನು ಮತ್ತೆ ಹಣ್ಣು ಕೇಳಲಿಲ್ಲ. ಆ ಹಂಗಾಮಿನ ಉಳಿದ ಲಿಂಬೆಯನ್ನು ತಂಗಿಯೂ ನೆರೆಯವರೂ ಔಷಧದ ನೀರಿನಲ್ಲಿ ಅದ್ದಿ, ಗೋಣಿಚೀಲದಲ್ಲಿ ತುಂಬಿ, ಇಂಡಿ ಮಾರುಕಟ್ಟೆಗೆ ಹಾಕಿದರು.